ಫ್ಲಾರೆನ್ಸ್ ನೈಟಿಂಗೇಲ್ (1820–1910): ಮರಣದ ಅಂಕಿ-ಅಂಶಗಳು ಮತ್ತು ಆಸ್ಪತ್ರೆಗಳು

ಮರಣ ನೋಂದಣಿಗಾಗಿ ಬರುವ ನಾಗರಿಕರು ಮರಣದ ಕಾರಣವನ್ನು ಏಕೆ ನಮೂದಿಸಬೇಕೆಂದು ವಿಚಾರಿಸುವುದುಂಟು. ನೋಂದಣಿ ಅಧಿನಿಯಮ, 1969ರ ಪ್ರಕಾರ ಪ್ರಮಾಣ ಪತ್ರದಲ್ಲಿ ಕಾರಣವನ್ನು ಬಹಿರಂಗಪಡಿಸುವಂತಿಲ್ಲ. ಆದರೂ ಅಂಕಿ-ಅಂಶಗಳಿಗಾಗಿ ಆ ಮಾಹಿತಿಯನ್ನು ಪಡೆಯಲಾಗುತ್ತದೆ. ಇಂತಹ ಮಾಹಿತಿಯಿಂದ ಆಸ್ಪತ್ರೆಗಳನ್ನು ಸುಧಾರಿಸಬಹುದೆಂದು ತೋರಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಮುಖರು.

ಇವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದರು. ತಂದೆಯೇ ಮನೆಯಲ್ಲಿ ವಿದ್ಯೆ ಕಲಿಸಿದರು. ಕ್ರಿಮಿಯಾ ಯುದ್ಧದ ಸಂದರ್ಭದಲ್ಲಿ, 1854ರ ನವೆಂಬರ್‌ನಲ್ಲಿ, 38 ಮಂದಿ ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಬಂದರು. ಅಲ್ಲಿ ಗಾಯಗಳಿಗಿಂತ ಕಾಲರಾ, ಭೇದಿ ಹಾಗೂ ಜ್ವರಗಳಿಂದ ಮೃತಪಟ್ಟ ಸೈನಿಕರೇ ಅಧಿಕ. 1855ರ ಫೆಬ್ರವರಿಯಲ್ಲಿ ಮರಣ ಪ್ರಮಾಣವು ಶೇಕಡ 42ರಷ್ಟಿತ್ತು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುಚಿಗೊಳಿಸಿ ಗಾಳಿಯ ಸಂಚಾರಕ್ಕೆ ವ್ಯವಸ್ಥೆ ಮಾಡಿದ ಕೆಲವೇ ತಿಂಗಳುಗಳಲ್ಲಿ ಅದು ಶೇಕಡ 2ರ ಆಸುಪಾಸಿಗೆ ಇಳಿಯಿತು.

ಸ್ವದೇಶಕ್ಕೆ ಮರಳಿದ ಬಳಿಕ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಈ ಅಂಕಿಗಳನ್ನು ಪರಿಶೀಲಿಸಿ, 1858ರಲ್ಲಿ ವೃತ್ತಾಕಾರದ ಬಣ್ಣದ ನಕ್ಷೆಗಳಾಗಿ ಪ್ರಕಟಿಸಿದರು. ಆಗ ಒಂದೊಂದು ಆಸ್ಪತ್ರೆಯೂ ತನಗೆ ತೋಚಿದಂತೆ ದಾಖಲೆ ಇಡುತ್ತಿದ್ದುದರಿಂದ ಹೋಲಿಕೆ ಸಾಧ್ಯವಿರಲಿಲ್ಲ. ಆದ್ದರಿಂದ 1860ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮಾವೇಶದ ಮುಂದೆ ಏಕರೂಪದ ನಮೂನೆಗಳನ್ನು ಮಂಡಿಸಿದರು.

ಈ ಕಾರ್ಯದಲ್ಲಿ ಒಂದು ದೊಡ್ಡ ಲೋಪವೂ ಸಂಭವಿಸಿತು. 1863ರ ತಮ್ಮ ಗ್ರಂಥದಲ್ಲಿ ಅವರು ಫಾರ್ ಅವರ ಕೋಷ್ಟಕವನ್ನು ಬಳಸಿ, ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇಕಡ 90ಕ್ಕೂ ಅಧಿಕವೆಂದು ತೋರಿಸಿದರು. ವರ್ಷವಿಡೀ ಸಂಭವಿಸಿದ ಮರಣಗಳನ್ನು, 1861ರ ಜನಗಣತಿಯ ಒಂದು ದಿನ ಒಳರೋಗಿಗಳಾಗಿದ್ದವರ ಸಂಖ್ಯೆಯಿಂದ ಭಾಗಿಸಲಾಗಿತ್ತು. ವರ್ಷದ ಒಟ್ಟು ಖರ್ಚನ್ನು ಒಂದು ದಿನದ ನಗದು ಶಿಲ್ಕಿನೊಂದಿಗೆ ತಾಳೆ ನೋಡಿದಂತೆ ಇದು. ಲೆಕ್ಕಪತ್ರ ಬಲ್ಲವರು ಒಪ್ಪತಕ್ಕದ್ದಲ್ಲ. ವೈದ್ಯರು ಇದನ್ನು ತೀವ್ರವಾಗಿ ಆಕ್ಷೇಪಿಸಿದರು. ನಗರದ ಆಸ್ಪತ್ರೆಗಳಿಗೆ ಗಂಭೀರ ಸ್ಥಿತಿಯ ರೋಗಿಗಳೇ ಹೆಚ್ಚಾಗಿ ಬರುತ್ತಾರೆಂಬ ಅವರ ವಾದವೂ ನ್ಯಾಯವಾದುದೇ. ವರ್ಷದಲ್ಲಿ ಚಿಕಿತ್ಸೆ ಪಡೆದವರ ಒಟ್ಟು ಸಂಖ್ಯೆ, ವಯಸ್ಸು ಮತ್ತು ರೋಗದ ತೀವ್ರತೆಯನ್ನು ಗಣನೆಗೆ ತೆಗೆದುಕೊಳ್ಳದೆ ಇಂತಹ ಪ್ರಮಾಣದ ಆಧಾರದ ಮೇಲೆ ಅನುದಾನ ಹಂಚಿದಲ್ಲಿ, ಕಠಿಣ ರೋಗಿಗಳನ್ನು ಸೇರಿಸಿಕೊಳ್ಳುವ ಆಸ್ಪತ್ರೆಗೇ ಅನ್ಯಾಯವಾಗುತ್ತದೆ.

ಆದರೆ ಅಂಕಿಗಳು ತಮಗೇ ಪ್ರತಿಕೂಲವಾದಾಗ ನೈಟಿಂಗೇಲ್ ಹಿಂಜರಿಯಲಿಲ್ಲ. ಸೂಲಗಿತ್ತಿಯರ ತರಬೇತಿಗಾಗಿ ತಮ್ಮ ನಿಧಿಯ ನೆರವಿನಿಂದ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಹೆರಿಗೆ ವಾರ್ಡಿನಲ್ಲಿ ಬಾಣಂತಿ ಜ್ವರದ ಮರಣಗಳು ಹೆಚ್ಚಿದ್ದರಿಂದ 1867ರಲ್ಲಿ ಅದನ್ನು ಮುಚ್ಚಲಾಯಿತು. ಬಳಿಕ ಹಲವು ಹೆರಿಗೆ ಆಸ್ಪತ್ರೆಗಳ ಅಂಕಿಗಳನ್ನು ಸಂಗ್ರಹಿಸಿ, ಮನೆಯಲ್ಲಿ ಹೆರಿಗೆಯಾದವರಿಗಿಂತ ಆಸ್ಪತ್ರೆಗಳಲ್ಲಿಯೇ ತಾಯಂದಿರ ಮರಣ ಅಧಿಕವೆಂದು 1871ರ ಪುಸ್ತಕದಲ್ಲಿ ತೋರಿಸಿದರು.

ನೈಟಿಂಗೇಲ್ ಭಾರತಕ್ಕೆ ಎಂದೂ ಬರಲಿಲ್ಲ. ಆದರೆ ಇಲ್ಲಿನ ಸೇನಾ ಠಾಣ್ಯಗಳಿಂದ ಬಂದ ವರದಿಗಳನ್ನು ಓದಿ ನೀರು ಮತ್ತು ಚರಂಡಿ ವ್ಯವಸ್ಥೆಯ ಸುಧಾರಣೆಗಾಗಿ ದಶಕಗಳ ಕಾಲ ಒತ್ತಾಯಿಸಿದರು. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ನಿಧನ ಹೊಂದಿದರು. ಅವರ ಜನ್ಮದಿನವನ್ನು ಅಂತರರಾಷ್ಟ್ರೀಯ ದಾದಿಯರ ದಿನವನ್ನಾಗಿ ಆಚರಿಸಲಾಗುತ್ತಿದೆ.