ಶಾಸ್ತ್ರದಾನವ್ರತಿ ಅತ್ತಿಮಬ್ಬೆ

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಕೇಳದ ಶ್ರಾವಕರ ಮನೆ ಕನ್ನಡ ನಾಡಿನಲ್ಲಿ ಇರಲಾರದು. ಆಕೆ ಮಾಡಿಸಿ ಹಂಚಿದ 1,500 ರತ್ನಖಚಿತ ಜಿನಬಿಂಬಗಳ ವಿಚಾರವನ್ನು ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತಲೇ ಬಂದಿದ್ದಾರೆ. ಆದರೆ ಆಕೆಯ ಇನ್ನೊಂದು ದಾನವು ನಮ್ಮ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಬಿಂಬದಂತೆ ಹೊಳೆಯದ, ಒಣಗಿದ ಓಲೆಯ ಮೇಲಿನ ಅಕ್ಷರಗಳ ದಾನವದು. ಈ ಲೇಖನದಲ್ಲಿ ಆ ಮಹಾಸಾಧ್ವಿಯ ಬಾಳನ್ನು ಮುಖ್ಯವಾಗಿ ಆ ಕಡೆಯಿಂದ ನೋಡಬಯಸುತ್ತೇನೆ.

ಅತ್ತಿಮಬ್ಬೆಯು ಹುಟ್ಟಿದ್ದು ಹತ್ತನೆಯ ಶತಮಾನದಲ್ಲಿ, ಗ್ರಂಥಪ್ರೀತಿಯುಳ್ಳ ಮನೆತನದಲ್ಲಿ. ವೆಂಗಿ ಮಂಡಲದ ಕಮ್ಮೆನಾಡಿನ ಪುಂಗನೂರಿನವನಾದ ನಾಗಮಯ್ಯನಿಗೆ ಮಲ್ಲಪ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಈ ಸೋದರರು ತಮ್ಮ ಗುರುಗಳಾದ ಜಿನಚಂದ್ರದೇವರ ನೆನಪಿಗಾಗಿ ಕವಿ ಪೊನ್ನನಿಂದ ಹನ್ನೆರಡು ಆಶ್ವಾಸಗಳ ಶಾಂತಿಪುರಾಣವನ್ನು ಬರೆಯಿಸಿದರು. ಗುರುವಿನ ಸ್ಮರಣೆಗೆ ಕಲ್ಲು ನಿಲ್ಲಿಸುವುದು ಆ ಕಾಲದ ವಾಡಿಕೆ. ಇವರು ಕಾವ್ಯವನ್ನು ನಿಲ್ಲಿಸಿದರು. ಮಲ್ಲಪನ ಹಿರಿಯ ಮಗಳೇ ಅತ್ತಿಮಬ್ಬೆ. ಕಿರಿಯವಳು ಗುಂಡಮಬ್ಬೆ.

ಈ ಅಕ್ಕತಂಗಿಯರಿಬ್ಬರನ್ನೂ ಚಾಲುಕ್ಯ ಚಕ್ರವರ್ತಿ ಆಹವಮಲ್ಲ ತೈಲಪನ ಮಹಾಮಂತ್ರಿ ದಲ್ಲಪನ ಮಗನಾದ ನಾಗದೇವನಿಗೆ ಕೊಟ್ಟು ಮದುವೆ ಮಾಡಿದರು. ನಾಗದೇವನು ಶೂರನಾದ ದಂಡನಾಯಕ. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನು ಹುಟ್ಟಿದನು. ಆ ಸುಖ ಬಹುಕಾಲ ಉಳಿಯಲಿಲ್ಲ. ನಾಗದೇವನು ರಣರಂಗದಲ್ಲಿ ಮಡಿದನು. ಗುಂಡಮಬ್ಬೆಯು ಅಂದಿನ ರಾಜಮನೆತನಗಳ ಪದ್ಧತಿಯಂತೆ ಗಂಡನೊಡನೆ ಸಹಗಮನ ಮಾಡಿದಳು.

ಅತ್ತಿಮಬ್ಬೆಯು ಚಿತೆಯನ್ನೇರಲಿಲ್ಲ. ಮಗನು ಇನ್ನೂ ಚಿಕ್ಕವನಾಗಿದ್ದನೆಂಬುದು ನಿಜವೇ. ಆದರೆ ಅದೊಂದೇ ಕಾರಣವೆಂದು ಹೇಳಿದರೆ ಆಕೆಯ ನಿರ್ಧಾರವನ್ನು ಕಿರಿದುಮಾಡಿದಂತೆ. ದೇಹವನ್ನು ಒಮ್ಮೆಗೇ ಬೆಂಕಿಗೆ ಒಪ್ಪಿಸುವುದು ನಮ್ಮ ಧರ್ಮದಲ್ಲಿ ತಪಸ್ಸೆನಿಸುವುದಿಲ್ಲ. ಇಂದ್ರಿಯಗಳನ್ನು ದಿನದಿನವೂ ಹಿಡಿದು ನಿಲ್ಲಿಸುವುದು, ಹಸಿವನ್ನು ಅರಿತು ಸಹಿಸುವುದು, ಇದ್ದುದನ್ನು ಪಾತ್ರರಿಗೆ ಕೊಡುವುದು ತಪಸ್ಸು. ತಂಗಿಯನ್ನೂ ಗಂಡನನ್ನೂ ಒಟ್ಟಿಗೇ ಕಳೆದುಕೊಂಡ ಆ ತಾಯಿ ಈ ಎರಡನೆಯ ದಾರಿಯನ್ನು ಹಿಡಿದಳು. ಅಣುವ್ರತಗಳನ್ನು ದೃಢವಾಗಿ ಪಾಲಿಸುತ್ತ, ಉಪವಾಸಗಳಿಂದ ದೇಹವನ್ನು ಕೃಶಗೊಳಿಸುತ್ತ, ಮಗನನ್ನು ಸಾಕಿ ಬೆಳೆಸಿದಳು.

ಆಕೆಯ ಉಪವಾಸದ ಬಗೆಗೆ ಒಂದು ಪ್ರಸಂಗವುಂಟು. ಚಾವುಂಡರಾಯನು ಬೆಳ್ಗೊಳದಲ್ಲಿ ಗೊಮ್ಮಟ ಜಿನನನ್ನು ನಿಲ್ಲಿಸಿದ್ದನು. ಆ ಸ್ವಾಮಿಯ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟುವುದಿಲ್ಲವೆಂದು ಅತ್ತಿಮಬ್ಬೆಯು ನೇಮ ಹಿಡಿದು ಹೊರಟಳು. ಬಳಲಿದ ದೇಹದಿಂದ ಬೆಟ್ಟವನ್ನು ಹತ್ತುತ್ತಿರುವಾಗ ಅಕಾಲದಲ್ಲಿ ಮಳೆ ಸುರಿದು ಆಕೆಯ ದಣಿವನ್ನು ಆರಿಸಿತಂತೆ. ಜಿನಬಿಂಬವನ್ನು ಹೊತ್ತು ಬಂದ ಆಕೆಗೆ ಗೋದಾವರಿಯ ಪ್ರವಾಹವೂ ತಡೆದು ದಾರಿ ಬಿಟ್ಟಿತೆಂದು ಹೇಳುತ್ತಾರೆ. ಇಂತಹ ಅತಿಶಯಗಳನ್ನು ಓದುಗರು ತಮ್ಮ ಶ್ರದ್ಧೆಗೆ ತಕ್ಕಂತೆ ಗ್ರಹಿಸಬಹುದು. ನನಗಾದರೋ ಮಳೆಗಿಂತಲೂ ಆ ನೇಮವೇ ದೊಡ್ಡದಾಗಿ ಕಾಣುತ್ತದೆ.

ಈಗ ಗ್ರಂಥದ ವಿಚಾರಕ್ಕೆ ಬರೋಣ. ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಶಾಂತಿಪುರಾಣದ ಪ್ರತಿಗಳು ವಿರಳವಾಗಿ, ಅದು ಮರೆಯಾಗುವ ಭಯವಿದ್ದಾಗ, ಅತ್ತಿಮಬ್ಬೆಯು ಅದಕ್ಕೆ 1,000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರವೆಂಬುದನ್ನು ಇಂದು ನಾವು ಹಗುರವಾಗಿ ಓದುತ್ತೇವೆ. ಮುದ್ರಣಾಲಯದಲ್ಲಿ ಅದು ಅಲ್ಪಾವಧಿಯ ಕೆಲಸ. ಆದರೆ ಆ ಕಾಲದಲ್ಲಿ ಒಂದು ಪ್ರತಿಯೆಂದರೆ ಏನು? ತಾಳೆಯ ಗರಿಗಳನ್ನು ಆರಿಸಿ ತಂದು, ಹದಮಾಡಿ, ಒಣಗಿಸಿ, ಉಜ್ಜಿ ನಯಗೊಳಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ದಾರ ಪೋಣಿಸಲು ರಂಧ್ರ ಕೊರೆಯಬೇಕು. ಲಿಪಿಕಾರನು ಓಲೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಬಲವಾಗಿ ಒತ್ತಿದರೆ ಓಲೆ ಸೀಳುತ್ತದೆ, ಮೆಲ್ಲಗೆ ಒತ್ತಿದರೆ ಅಕ್ಷರ ಮೂಡುವುದಿಲ್ಲ. ನಮ್ಮ ಕನ್ನಡ ಅಕ್ಷರಗಳು ಗುಂಡಗಾಗಿರುವುದಕ್ಕೆ ಓಲೆಯ ಈ ಸೂಕ್ಷ್ಮವೂ ಒಂದು ಕಾರಣವೆಂದು ಲಿಪಿತಜ್ಞರು ಹೇಳುವುದುಂಟು. ಆಮೇಲೆ ಮಸಿಯನ್ನು ಸವರಿ ಒರೆಸಿದರೆ ಕೊರೆದ ಗೆರೆಗಳಲ್ಲಿ ಕಪ್ಪು ನಿಲ್ಲುತ್ತದೆ. ಕೊನೆಗೆ ಮೇಲೂ ಕೆಳಗೂ ಮರದ ಹಲಗೆಯಿಟ್ಟು ಕಟ್ಟನ್ನು ಬಿಗಿಯಬೇಕು. ಚಂಪೂಕಾವ್ಯವೊಂದರ ಒಂದು ಪ್ರತಿಗೆ ಒಬ್ಬ ಲಿಪಿಕಾರನಿಗೆ ಒಂದು ತಿಂಗಳು ಸಾಕೆಂದು ಹಿಡಿದರೂ, ಸಾವಿರ ಪ್ರತಿಗಳಿಗೆ ಒಬ್ಬನೇ ಕುಳಿತರೆ 83 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಆದ್ದರಿಂದ ಎಷ್ಟು ಜನ ಲಿಪಿಕಾರರಿಗೆ ಆಕೆ ಅನ್ನವಿಟ್ಟಿರಬೇಕು, ಎಷ್ಟು ಹೊರೆ ಗರಿಗಳನ್ನು ತರಿಸಿರಬೇಕು ಎಂಬುದನ್ನು ಗೃಹಿಣಿಯರೇ ಊಹಿಸಿಕೊಳ್ಳಲಿ.

ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಪೊನ್ನನು ಭುವನೈಕರಾಮಾಭ್ಯುದಯವೆಂಬ ಮತ್ತೊಂದು ಕಾವ್ಯವನ್ನೂ ಬರೆದಿದ್ದನು. ಅದು ನಮಗೆ ದೊರೆತಿಲ್ಲ. ಶಾಂತಿಪುರಾಣ ಉಳಿದಿದೆ. ಉಳಿವಿಗೆ ಕಾರಣಗಳು ಹಲವು ಇದ್ದಾವು; ಆದರೂ ಒಬ್ಬನೇ ಕವಿಯ ಎರಡು ಕೃತಿಗಳ ಈ ಬೇರೆ ಬೇರೆ ಗತಿಯನ್ನು ಕಂಡಾಗ ಆ ಸಾವಿರ ಓಲೆಕಟ್ಟುಗಳು ನೆನಪಾಗದೆ ಇರವು. ಗೆದ್ದಲು, ಬೆಂಕಿ, ಮಳೆನೀರು ಇವು ಒಂದು ಭಂಡಾರವನ್ನು ಹಾಳುಮಾಡಬಲ್ಲವು. ಸಾವಿರ ಕಡೆ ಹರಡಿದ್ದನ್ನು ಒಮ್ಮೆಗೇ ನಾಶಮಾಡಲಾರವು.

ಆಕೆಯು ಇದ್ದ ಗ್ರಂಥವನ್ನು ಉಳಿಸಿದುದಲ್ಲದೆ ಹೊಸ ಗ್ರಂಥವನ್ನೂ ಹುಟ್ಟಿಸಿದಳು. ಮುದುವೊಳಲಿನ ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಎರಡನೆಯ ತೀರ್ಥಂಕರರ ಚರಿತೆಯ ಜೊತೆಯಲ್ಲಿಯೇ ತನ್ನ ಆಶ್ರಯದಾತೆಯ ವಂಶವನ್ನೂ ಶೀಲವನ್ನೂ ಕವಿಯು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಇಂದು ನಾವು ಅತ್ತಿಮಬ್ಬೆಯ ಬಾಳನ್ನು ತಿಳಿಯುವುದು ಬಹುಮಟ್ಟಿಗೆ ಅದರಿಂದಲೇ. ಅಕ್ಷರವನ್ನು ಕಾಪಾಡಿದವಳನ್ನು ಅಕ್ಷರವೇ ಕಾಪಾಡಿತು.

ಶ್ರಾವಿಕೆಯೊಬ್ಬಳು ಇಷ್ಟು ಮಾಡಿದುದು ನಮ್ಮ ಪರಂಪರೆಗೆ ಹೊರತಾದುದಲ್ಲ. ಆದಿನಾಥಸ್ವಾಮಿಯು ಲೋಕಕ್ಕೆ ಲಿಪಿಯನ್ನು ಕಲಿಸುವಾಗ ಮೊದಲು ಕಲಿಸಿದ್ದು ತನ್ನ ಮಗಳಾದ ಬ್ರಾಹ್ಮಿಗೆ. ಅಂಕಗಳನ್ನು ಕಲಿಸಿದ್ದು ಸೌಂದರಿಗೆ. ಇನ್ನು ಶ್ರುತದ ವಿಚಾರ. ಬಾಯಿಂದ ಬಾಯಿಗೆ ಬರುತ್ತಿದ್ದ ಆಗಮಜ್ಞಾನವು ಕ್ಷೀಣಿಸುತ್ತಿರುವುದನ್ನು ಕಂಡು ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಮುನಿಗಳಿಗೆ ಅದನ್ನು ಉಪದೇಶಿಸಿದರು. ಅವರು ಷಟ್ಖಂಡಾಗಮವನ್ನು ಗ್ರಂಥರೂಪಕ್ಕೆ ತಂದ ನೆನಪಿಗಾಗಿಯೇ ನಾವು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪೂಜೆ ಮಾಡುತ್ತೇವೆ. ಆಹಾರ, ಔಷಧ, ಅಭಯಗಳ ಜೊತೆಗೆ ಶಾಸ್ತ್ರವನ್ನೂ ದಾನವೆಂದು ನಮ್ಮ ಆಚಾರ್ಯರು ಎಣಿಸಿದ್ದಾರೆ. ಹಸಿದವನಿಗೆ ಅನ್ನವನ್ನು ಕೊಟ್ಟು ಕಳುಹಿಸಿದ ಕೈಯೇ ಓದು ಬಲ್ಲವನಿಗೆ ಓಲೆಕಟ್ಟನ್ನೂ ಕೊಡಬೇಕು ಎಂಬ ಈ ಎಣಿಕೆ ಸಾಮಾನ್ಯವಾದುದಲ್ಲ.

ಅತ್ತಿಮಬ್ಬೆಯು ಹಾಕಿದ ಮೇಲ್ಪಂಕ್ತಿಯೂ ವ್ಯರ್ಥವಾಗಲಿಲ್ಲ. ಷಟ್ಖಂಡಾಗಮದ ಮೇಲಣ ಧವಲಾ ಟೀಕೆಯನ್ನು ಶ್ರಾವಿಕೆ ದೇಮಿಯಕ್ಕನು ತನ್ನ ಶ್ರುತಪಂಚಮೀ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಲ್ಲಿಕಬ್ಬೆಯು ಶ್ರೀಪಂಚಮೀ ನೋಂಪಿಯ ಉದ್ಯಾಪನೆಯಲ್ಲಿ ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಹಳಗನ್ನಡ ಲಿಪಿಯ ಈ ಸಿದ್ಧಾಂತ ಗ್ರಂಥಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಬಹುಕಾಲ ಅವುಗಳಿಗೆ ದರ್ಶನವೇ ಹೊರತು ಓದು ಇರಲಿಲ್ಲವೆಂಬುದನ್ನು ನಾವು ಸಂಕೋಚದಿಂದಲಾದರೂ ಒಪ್ಪಬೇಕು. ಕಡೆಗೆ ಧವಲೆಯು 1939ರಿಂದ 1959ರವರೆಗೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 16 ಸಂಪುಟಗಳಾಗಿ ಅಚ್ಚಾಯಿತು. ವ್ರತ ಹಿಡಿದ ಹೆಣ್ಣುಮಕ್ಕಳು ಆ ಪ್ರತಿಗಳನ್ನು ಬರೆಯಿಸದೆ ಇದ್ದಿದ್ದರೆ ಅಚ್ಚಿಗೆ ಕೊಡಲು ಏನಿರುತ್ತಿತ್ತು?

ಅತ್ತಿಮಬ್ಬೆಯ ಕೊನೆಯ ದೊಡ್ಡ ಕಾರ್ಯ ಲೊಕ್ಕಿಗುಂಡಿಯ, ಎಂದರೆ ಗದಗಿನ ಬಳಿಯ ಇಂದಿನ ಲಕ್ಕುಂಡಿಯ, ಬ್ರಹ್ಮಜಿನಾಲಯ. ಇರಿವಬೆಡಂಗ ಸತ್ಯಾಶ್ರಯನು ಆಳುತ್ತಿದ್ದಾಗ, 1007ರಲ್ಲಿ, ಅದಕ್ಕೆ ದತ್ತಿಗಳನ್ನು ಬಿಟ್ಟು ಶಾಸನವನ್ನು ಬರೆಯಿಸಲಾಯಿತು. ಓಲೆಯ ಮೇಲೆ ಕಾವ್ಯವನ್ನು ಬರೆಯಿಸಿದವಳ ಗುಣಗಳನ್ನು ಅಲ್ಲಿ ಶಿಲೆಯ ಮೇಲೆ ಕಂಡರಿಸಿದ್ದಾರೆ. ಲಕ್ಕುಂಡಿಗೆ ಯಾತ್ರೆ ಹೋಗುವ ಕುಟುಂಬಗಳು ಬಸದಿಯ ದರ್ಶನ ಮುಗಿಸಿ ಕೂಡಲೇ ಹಿಂತಿರುಗದೆ, ಮಕ್ಕಳನ್ನು ಆ ಶಾಸನದ ಮುಂದೆ ನಿಲ್ಲಿಸಿ, ತಿಳಿದಷ್ಟು ಅಕ್ಷರಗಳನ್ನು ಬೆರಳಿಟ್ಟು ಓದಿಸಬಹುದು. ಕೆಲವು ಅಕ್ಷರಗಳು ಇಂದಿನ ಮಕ್ಕಳಿಗೂ ಗುರುತು ಸಿಕ್ಕುತ್ತವೆ.