ಎಡಿಸನ್ನನ ಮೊದಲ ಯಂತ್ರ ಮತ್ತು ಶಾಸನಸಭೆಯ ನಿಯಮ

ಥಾಮಸ್ ಆಲ್ವ ಎಡಿಸನ್ ಎಂದೊಡನೆ ವಿದ್ಯುದ್ದೀಪ, ಫೋನೋಗ್ರಾಫ್, ಚಲನಚಿತ್ರ ಇವೇ ನಮಗೆ ನೆನಪಾಗುತ್ತವೆ. ಅಮೆರಿಕದಲ್ಲಿ ಅವನ ಹೆಸರಿನಲ್ಲಿ ದಾಖಲಾದ ಪೇಟೆಂಟುಗಳ ಸಂಖ್ಯೆ 1093. ಇವುಗಳಲ್ಲಿ ಮೊಟ್ಟಮೊದಲನೆಯದು 1869ರ ಜೂನ್ 1ರಂದು ದೊರೆತ 90646ನೆಯ ಸಂಖ್ಯೆಯ ಪೇಟೆಂಟ್. ಅದು ಶಾಸನಸಭೆಯ ಸದಸ್ಯರ ಮತಗಳನ್ನು ವಿದ್ಯುತ್ತಿನ ಮೂಲಕ ದಾಖಲಿಸುವ ಯಂತ್ರದ್ದು. ಆ ಯಂತ್ರವನ್ನು ಯಾವ ಶಾಸನಸಭೆಯೂ ಕೊಳ್ಳಲಿಲ್ಲ. ಜೀವನಚರಿತ್ರೆಗಳಲ್ಲಿ ಸಾಮಾನ್ಯವಾಗಿ ಒಂದು ವಿನೋದ ಪ್ರಸಂಗವಾಗಿ ಮುಗಿದುಹೋಗುವ ಈ ಸೋಲು ಇನ್ನಷ್ಟು ನಿಧಾನವಾದ ಓದಿಗೆ ಅರ್ಹವಾದುದು.

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಒಹಾಯೊ ಸಂಸ್ಥಾನದ ಮಿಲಾನ್ ಎಂಬ ಊರಿನಲ್ಲಿ. ಅವನು ಶಾಲೆಯ ಮೆಟ್ಟಿಲು ತುಳಿದದ್ದು ಕೆಲವೇ ತಿಂಗಳು. ಓದು ಬರಹ ಕಲಿಸಿದವಳು ತಾಯಿ ನ್ಯಾನ್ಸಿ. ಎಳೆಯ ವಯಸ್ಸಿನಲ್ಲಿಯೇ ಕಿವಿ ಮಂದವಾಯಿತು. ಹನ್ನೆರಡರ ಹರೆಯದಲ್ಲಿ ಪೋರ್ಟ್ ಹ್ಯೂರಾನ್ ಮತ್ತು ಡೆಟ್ರಾಯಿಟ್ ನಡುವೆ ಓಡುತ್ತಿದ್ದ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರತೊಡಗಿದನು. 1862ರ ಏಪ್ರಿಲ್‌ನಲ್ಲಿ ಶೈಲೋ ಕದನದ ಸುದ್ದಿ ಬಂದಾಗ ಈ ಹುಡುಗ ಮಾಡಿದ ಉಪಾಯ ಅವನ ಮುಂದಿನ ಬಾಳಿಗೆ ಮುನ್ನುಡಿಯಂತಿದೆ. ಕದನದ ಸುದ್ದಿಯ ತಲೆಬರಹವನ್ನು ಮುಂದಿನ ನಿಲ್ದಾಣಗಳಿಗೆ ತಂತಿಯ ಮೂಲಕ ಮೊದಲೇ ಕಳುಹಿಸಿ ಹಲಗೆಗಳ ಮೇಲೆ ಬರೆಯಿಸಿದನು. ರೈಲು ತಲುಪುವ ಹೊತ್ತಿಗೆ ಜನ ಕಾದು ನಿಂತಿದ್ದರು. ಪತ್ರಿಕೆಗಳು ಹೆಚ್ಚಿನ ಬೆಲೆಗೆ ಖರ್ಚಾದವು. ಮಾತು ಮನುಷ್ಯನಿಗಿಂತ ಮೊದಲು ಊರು ಸೇರಬಲ್ಲದೆಂಬುದನ್ನು ಅವನು ಪುಸ್ತಕದಿಂದ ಕಲಿಯಲಿಲ್ಲ. ಅದೇ ವರ್ಷ ಮೌಂಟ್ ಕ್ಲೆಮೆನ್ಸ್ ನಿಲ್ದಾಣದಲ್ಲಿ, ಹಳಿಯ ಮೇಲೆ ಅಪಾಯದಲ್ಲಿದ್ದ ಸ್ಟೇಷನ್ ಮಾಸ್ತರನ ಮಗುವನ್ನು ಕಾಪಾಡಿದನು. ಕೃತಜ್ಞನಾದ ತಂದೆ ಅವನಿಗೆ ತಂತಿವಿದ್ಯೆಯನ್ನು ಕಲಿಸಿದನು. ಅಲ್ಲಿಂದ ಐದಾರು ವರ್ಷ ಊರೂರು ಅಲೆದ ತಂತಿ ನೌಕರನ ಬದುಕು. ಕಿವಿ ಮಂದವಾಗಿದ್ದುದು ಈ ಕೆಲಸಕ್ಕೆ ಅಡ್ಡಿಯಾಗಲಿಲ್ಲ. ಪಕ್ಕದ ಗದ್ದಲ ಕೇಳಿಸದೆ ತನ್ನ ಯಂತ್ರದ ಟಕಟಕ ಮಾತ್ರ ಕೇಳಿಸುತ್ತಿದ್ದುದು ಲಾಭವೇ ಆಯಿತೆಂದು ಅವನು ಭಾವಿಸಿದ್ದನು.

1868ರಲ್ಲಿ ಬಾಸ್ಟನ್ನಿನ ವೆಸ್ಟರ್ನ್ ಯೂನಿಯನ್ ತಂತಿ ಕಚೇರಿಯನ್ನು ಸೇರಿದಾಗ ಅವನಿಗೆ ಇಪ್ಪತ್ತೊಂದು ವರ್ಷ. ವಾಷಿಂಗ್ಟನ್ ನಗರಸಭೆ ವಿದ್ಯುತ್ ಮತಯಂತ್ರವೊಂದನ್ನು ಅಳವಡಿಸಲಿದೆ, ನ್ಯೂಯಾರ್ಕ್ ಶಾಸನಸಭೆಯೂ ಅದನ್ನು ಪರಿಶೀಲಿಸುತ್ತಿದೆ ಎಂಬ ಸುದ್ದಿಗಳು ಆ ವರ್ಷ ಪತ್ರಿಕೆಗಳಲ್ಲಿ ಬಂದವು. ಅಮೆರಿಕದ ಸಂವಿಧಾನದ ಪ್ರಕಾರ, ಹಾಜರಿದ್ದವರಲ್ಲಿ ಐದನೆಯ ಒಂದು ಭಾಗದಷ್ಟು ಸದಸ್ಯರು ಕೇಳಿದರೆ ಪ್ರತಿಯೊಬ್ಬನ ಮತವನ್ನೂ ಹೆಸರುಸಹಿತ ದಾಖಲಿಸಲೇಬೇಕು. ಪ್ರತಿನಿಧಿ ಸಭೆಯಲ್ಲಿ ಆಗ ಇನ್ನೂರಕ್ಕೂ ಹೆಚ್ಚು ಸದಸ್ಯರಿದ್ದರು. ಗುಮಾಸ್ತನು ಒಂದೊಂದೇ ಹೆಸರನ್ನು ಕೂಗಿ ಉತ್ತರವನ್ನು ಗುರುತಿಸಿಕೊಳ್ಳಬೇಕು, ಉತ್ತರಿಸದವರ ಹೆಸರನ್ನು ಮತ್ತೊಮ್ಮೆ ಕೂಗಬೇಕು.

ಎಡಿಸನ್ ರೂಪಿಸಿದ ಯಂತ್ರ ಇದಕ್ಕೆ ಪರಿಹಾರವಾಗಿತ್ತು. ಪ್ರತಿ ಸದಸ್ಯನ ಮೇಜಿನ ಮೇಲೆ ಒಂದು ಸ್ವಿಚ್ಚು. ಅದನ್ನು ಒಂದು ಕಡೆಗೆ ತಿರುಗಿಸಿದರೆ ಪರ, ಇನ್ನೊಂದು ಕಡೆಗೆ ತಿರುಗಿಸಿದರೆ ವಿರೋಧ. ಗುಮಾಸ್ತನ ಮೇಜಿನಲ್ಲಿದ್ದ ಯಂತ್ರದಲ್ಲಿ ಸದಸ್ಯರ ಹೆಸರುಗಳನ್ನು ಲೋಹದ ಅಚ್ಚಿನ ಮೊಳೆಗಳಲ್ಲಿ ಎರಡು ಸಾಲಾಗಿ ಜೋಡಿಸಲಾಗಿತ್ತು. ರಾಸಾಯನಿಕದಲ್ಲಿ ಅದ್ದಿದ ಕಾಗದವನ್ನು ಅವುಗಳ ಮೇಲೆ ಹರಡಿ ಲೋಹದ ಉರುಳೆಯನ್ನು ಹಾಯಿಸಿದರೆ, ವಿದ್ಯುತ್ತು ಹರಿದ ಕಡೆ ಬಣ್ಣ ಮೂಡಿ ಹೆಸರು ಅಚ್ಚಾಗುತ್ತಿತ್ತು. ಎರಡು ಮುಖಫಲಕಗಳು ಒಟ್ಟು ಮತಗಳನ್ನು ತೋರಿಸುತ್ತಿದ್ದವು. 1868ರ ಅಕ್ಟೋಬರ್ 13ರಂದು ಅವನು ಪೇಟೆಂಟ್ ಅರ್ಜಿಗೆ ಸಹಿ ಹಾಕಿದನು. ಡೆವಿಟ್ ರಾಬರ್ಟ್ಸ್ ಎಂಬ ಜೊತೆಗಾರ ತಂತಿ ನೌಕರ ನೂರು ಡಾಲರ್ ಹಾಕಿ ಪಾಲುದಾರನಾದನು. ಯಂತ್ರವನ್ನು ವಾಷಿಂಗ್ಟನ್ನಿಗೆ ಕೊಂಡೊಯ್ದು ಕಾಂಗ್ರೆಸ್ಸಿನ ಸಮಿತಿಯೊಂದರ ಮುಂದೆ ಪ್ರದರ್ಶಿಸಲಾಯಿತು.

ಅಲ್ಲಿ ನಡೆದದ್ದನ್ನು ನಾವು ತಿಳಿದಿರುವುದು ಮುಖ್ಯವಾಗಿ ಎಡಿಸನ್ ಬಹುಕಾಲದ ಅನಂತರ ಹೇಳಿಕೊಂಡದ್ದರಿಂದ. ಯಂತ್ರದ ವೇಗವನ್ನು ಕಂಡ ಸಮಿತಿಯ ಅಧ್ಯಕ್ಷನು, ತಮಗೆ ಜಗತ್ತಿನಲ್ಲಿ ಬೇಡವಾದ ಯಂತ್ರವೊಂದಿದ್ದರೆ ಅದು ಇದೇ ಎಂಬರ್ಥದ ಮಾತನಾಡಿದನಂತೆ. ಕೆಟ್ಟ ಕಾಯಿದೆಯನ್ನು ತಡೆಯಲು ಅಲ್ಪಸಂಖ್ಯಾತ ಪಕ್ಷದ ಕೈಯಲ್ಲಿರುವ ದೊಡ್ಡ ಆಯುಧವೇ ಮತದಾನದ ವಿಳಂಬ, ಈ ಯಂತ್ರ ಅದನ್ನು ಕಿತ್ತುಕೊಳ್ಳುತ್ತದೆ ಎಂಬುದು ಅವನ ವಾದ. ಜನ ಬಯಸದ ವಸ್ತುವನ್ನು ಇನ್ನು ಮುಂದೆ ನಿರ್ಮಿಸುವುದಿಲ್ಲವೆಂದು ಎಡಿಸನ್ ನಿಶ್ಚಯಿಸಿದನು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ರಾಜಕಾರಣಿಯ ಮೇಲೆ ನಗುತ್ತಾರೆ. ಆ ನಗೆ ನ್ಯಾಯವಾದುದಲ್ಲ. ಎಡಿಸನ್ ತನ್ನ ಪಾಲಿನ ವ್ಯಾಪಾರಪಾಠವನ್ನು ಕಲಿತನೇ ಹೊರತು ಅಧ್ಯಕ್ಷನು ಎತ್ತಿದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಮತ ಎಣಿಸುವುದು ಬೇರೆ, ಮತ ರೂಪುಗೊಳ್ಳುವುದು ಬೇರೆ. ಹೆಸರು ಕೂಗುವ ಆ ದೀರ್ಘಾವಧಿಯಲ್ಲಿ ಗೈರುಹಾಜರಾದವನು ಓಡಿಬರಬಹುದು, ಅರೆಮನಸ್ಸಿನವನು ಮನಸ್ಸು ಬದಲಿಸಬಹುದು, ಸೋಲುವ ಪಕ್ಷ ರಾಜಿಗೆ ಕರೆಯಬಹುದು. ಇದರ ದುರುಪಯೋಗವೂ ಇತ್ತೆಂಬುದು ನಿಜ. ಸಭೆಯಲ್ಲಿ ಕುಳಿತಿದ್ದೂ ಹೆಸರು ಕೂಗಿದಾಗ ಮೌನವಾಗಿದ್ದು ಕೋರಂ ಇಲ್ಲದಂತೆ ಮಾಡುವುದು ವಿರೋಧಪಕ್ಷದ ರೂಢಿಯಾಗಿತ್ತು. 1890ರ ಜನವರಿ 29ರಂದು ಸಭಾಧ್ಯಕ್ಷ ಥಾಮಸ್ ಬ್ರಾಕೆಟ್ ರೀಡ್, ಮೌನವಾಗಿ ಕುಳಿತವರ ಹೆಸರುಗಳನ್ನೂ ಹಾಜರಿ ಎಂದು ಬರೆಯಿಸಿದನು. ಸಭೆ ಕೋಲಾಹಲಕ್ಕೆ ಈಡಾಯಿತು. ಮುಂದಿನ ತಿಂಗಳು ಸಭೆ ಅದನ್ನೇ ನಿಯಮವಾಗಿ ಅಂಗೀಕರಿಸಿತು, 1892ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎಡಿಸನ್ನನ ಯಂತ್ರದಿಂದ ಸಾಧ್ಯವಾಗದ ವೇಗವನ್ನು ನಿಯಮದ ಒಂದು ತಿದ್ದುಪಡಿ ಸಾಧಿಸಿತೆನ್ನಬೇಕು.

ಎಡಿಸನ್ನನ ಮುಂದಿನ ಬಾಳು ಸುವಿದಿತ. 1869ರಲ್ಲಿ ಬರಿಗೈಯಲ್ಲಿ ನ್ಯೂಯಾರ್ಕ್ ಸೇರಿ ಷೇರುಪೇಟೆಯ ತಂತಿಯಂತ್ರಗಳನ್ನು ಸುಧಾರಿಸಿ ಹಣ ಗಳಿಸಿದನು. 1876ರಲ್ಲಿ ಮೆನ್ಲೊ ಪಾರ್ಕಿನಲ್ಲಿ ಪ್ರಯೋಗಾಲಯವನ್ನು ತೆರೆದನು. 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ದೀಪ, 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ. ಧ್ವನಿಯನ್ನು ಧ್ವನಿಸಿದವನಿಂದ, ಚಲನೆಯನ್ನು ಚಲಿಸಿದವನಿಂದ ಬೇರ್ಪಡಿಸಿ ದೂರಕ್ಕೆ ಸಾಗಿಸುವುದೇ ಅವನ ಬಹುಪಾಲು ಶೋಧನೆಗಳ ಗುರಿಯಾಗಿತ್ತು. ಶಾಸನಸಭೆ ಮಾತ್ರ ಸದಸ್ಯನ ಮತವನ್ನು ಅವನ ದೇಹದಿಂದ ಬೇರ್ಪಡಿಸಲು ಒಪ್ಪಲಿಲ್ಲ. ವಿಸ್ಕಾನ್ಸಿನ್ ಸಂಸ್ಥಾನದ ಶಾಸನಸಭೆ 1917ರಲ್ಲಿ ವಿದ್ಯುತ್ ಮತಯಂತ್ರವನ್ನು ಬಳಕೆಗೆ ತಂದಾಗ ಎಡಿಸನ್ನನಿಗೆ ಎಪ್ಪತ್ತು ವರ್ಷ. ಅವನು 1931ರ ಅಕ್ಟೋಬರ್ 18ರಂದು ವೆಸ್ಟ್ ಆರೆಂಜಿನಲ್ಲಿ ತೀರಿಕೊಂಡನು. ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಯಲ್ಲಿ ಆಗಲೂ ಹೆಸರು ಕೂಗುತ್ತಲೇ ಇದ್ದರು.

ನಮ್ಮ ಲೋಕಸಭೆ ಈ ವಿಷಯದಲ್ಲಿ ಮುಂದಾಯಿತು. 1957ರಲ್ಲಿ ಇಲ್ಲಿ ಸ್ವಯಂಚಾಲಿತ ಮತದಾಖಲೆ ಯಂತ್ರ ಬಂದಿತು. ಪರ, ವಿರೋಧ, ತಟಸ್ಥ ಎಂಬ ಮೂರು ಗುಂಡಿಗಳಲ್ಲಿ ಒಂದನ್ನೂ ಬೇರೊಂದು ಸ್ವಿಚ್ಚನ್ನೂ ಸದಸ್ಯನು ಒಟ್ಟಿಗೆ ಒತ್ತಿ ಹಿಡಿಯಬೇಕಾಗಿತ್ತು; ಎರಡು ಕೈಗಳೂ ಬೇಕಾಗುತ್ತಿದ್ದುದರಿಂದ ಪಕ್ಕದವನ ಮತವನ್ನು ಹಾಕುವುದು ಸುಲಭವಾಗಿರಲಿಲ್ಲ. ಯಂತ್ರ ಕೆಲವೇ ಸೆಕೆಂಡುಗಳಲ್ಲಿ ಎಣಿಸುತ್ತದೆ, ಆದರೆ ಅದಕ್ಕೆ ಮೊದಲು ಲಾಬಿಗಳನ್ನು ತೆರವು ಮಾಡಿಸಿ ಮೂರೂವರೆ ನಿಮಿಷ ಕಾಯಬೇಕೆಂಬ ನಿಯಮವಿದೆ. ಅಮೆರಿಕದ ಪ್ರತಿನಿಧಿ ಸಭೆ 1970ರ ಕಾಯಿದೆಯಿಂದ ದಾರಿ ಮಾಡಿಕೊಂಡು 1973ರ ಜನವರಿ 23ರಂದು ಮೊದಲ ಬಾರಿ ವಿದ್ಯುನ್ಮಾನ ಮತದಾನ ನಡೆಸಿತು. ಸದಸ್ಯರಿಗೆ ಕನಿಷ್ಠ 15 ನಿಮಿಷ ಕಾಲಾವಕಾಶ ಕೊಡಬೇಕೆಂದು ಅದರ ನಿಯಮ ವಿಧಿಸಿತು. ಕ್ಷಣದಲ್ಲಿ ಮುಗಿಯಬಹುದಾದ ಕೆಲಸಕ್ಕೆ ಹದಿನೈದು ನಿಮಿಷ! ಎಡಿಸನ್ನನನ್ನು ಹಿಂದಕ್ಕೆ ಕಳುಹಿಸಿದ ಅಧ್ಯಕ್ಷನ ಮಾತು ಹೀಗೆ ಯಂತ್ರದ ಜೊತೆಗೇ ಒಳಗೆ ಬಂದಿತು.

ಉಳಿದಿದ್ದ ಪ್ರಶ್ನೆ ಹಾಜರಿಯದು. ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ, 2020ರ ಮೇ 12ರಂದು, ಬ್ರಿಟನ್ನಿನ ಕಾಮನ್ಸ್ ಸಭೆಯ ಸದಸ್ಯರು ದೂರದಿಂದಲೇ ಮತ ನೀಡಿದರು; ಕೆಲವೇ ವಾರಗಳಲ್ಲಿ ಆ ಏರ್ಪಾಡು ನಿಂತಿತು. ಅದೇ ಮೇ 15ರಂದು ಅಮೆರಿಕದ ಪ್ರತಿನಿಧಿ ಸಭೆ ತನ್ನ ನಿಯಮವನ್ನು ಬದಲಿಸಿತು. ಸಮಿತಿಗಳಲ್ಲಿ ದೂರದಿಂದ ಭಾಗವಹಿಸಲು ಅವಕಾಶವಾಯಿತು, ಹಾಜರಿದ್ದ ಒಬ್ಬ ಸದಸ್ಯ ಗೈರುಹಾಜರಾದ ಹತ್ತು ಜನರವರೆಗೆ ಅವರ ಪರವಾಗಿ ಮತ ನೀಡಬಹುದಾಯಿತು. ಸಂವಿಧಾನ ಕೇಳುವುದು ದೈಹಿಕ ಹಾಜರಿಯನ್ನೇ ಎಂದು ಅಲ್ಪಸಂಖ್ಯಾತ ಪಕ್ಷ ನ್ಯಾಯಾಲಯಕ್ಕೆ ಹೋಯಿತು, ನ್ಯಾಯಾಲಯಗಳು ಆ ವಿವಾದವನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಭಾರತದಲ್ಲಿ ಸಂವಿಧಾನದ 100ನೆಯ ಅನುಚ್ಛೇದ ಹಾಜರಿದ್ದು ಮತ ನೀಡುವ ಸದಸ್ಯರ ಬಹುಮತವನ್ನು ಕೇಳುತ್ತದೆ. ಆದ್ದರಿಂದ 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಎರಡೂ ಸದನಗಳ ಸಭಾಂಗಣಗಳನ್ನೂ ಗ್ಯಾಲರಿಗಳನ್ನೂ ಬಳಸಿ ಸದಸ್ಯರನ್ನು ದೂರ ದೂರ ಕೂರಿಸಲಾಯಿತೇ ಹೊರತು ಮನೆಯಿಂದ ಮತ ನೀಡುವ ಅವಕಾಶ ಬರಲಿಲ್ಲ.

2023ರ ಜನವರಿಯಲ್ಲಿ ಅಮೆರಿಕದಲ್ಲಿ ಬಹುಮತ ಬದಲಾಯಿತು, ಪರವಾಗಿ ಮತ ನೀಡುವ ನಿಯಮವೂ ಹೋಯಿತು. ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿರುವ ಸೆನೆಟ್ಟಿನಲ್ಲಿ ಸದಸ್ಯರು ನೂರು ಜನ. ಅಲ್ಲಿ ಯಾವ ಯಂತ್ರವೂ ಈವರೆಗೆ ಬಂದಿಲ್ಲ, ಗುಮಾಸ್ತರು ಇಂದಿಗೂ ಹೆಸರುಗಳನ್ನು ಕೂಗುತ್ತಾರೆ.