ಸೆರೆಮನೆಯ ಸಾಕ್ಷಿ

ಸೆರೆಮನೆಯ ಗೋಡೆ ಎತ್ತರವಾದಷ್ಟೂ ಒಳಗಿನ ಬಾಳು ಹೊರಗಿನವರ ಕಣ್ಣಿಗೆ ಮರೆಯಾಗುತ್ತದೆ. ಆ ಮರೆಯನ್ನು ತಮ್ಮ ಲೇಖನಿಯಿಂದ ಸರಿಸಿದ ಧೀರಮಹಿಳೆ ಸ್ನೇಹಲತಾ ರೆಡ್ಡಿಯವರು.

1932ರಲ್ಲಿ ಜನಿಸಿದ ಸ್ನೇಹಲತಾ ರಂಗಭೂಮಿಯಲ್ಲಿ ಹೆಸರು ಗಳಿಸಿದರು. ಪತಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ‘ಸಂಸ್ಕಾರ’ ಚಲನಚಿತ್ರದ ಚಂದ್ರಿಯಾಗಿ ಕನ್ನಡಿಗರ ಮೆಚ್ಚುಗೆ ಪಡೆದರು.

1975ರ ಜೂನ್ ತಿಂಗಳಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಅದನ್ನು ವಿರೋಧಿಸಿದ ಸ್ನೇಹಲತಾ 1976ರ ಮೇ 2ರಂದು ಬಂಧಿತರಾದರು. ಬರೋಡಾ ಡೈನಮೈಟ್ ಮೊಕದ್ದಮೆಯ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶವಿದ್ದ ಮೀಸಾ ಕಾಯಿದೆಯ ಮೇರೆಗೆ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಯೇ ಉಳಿಯಬೇಕಾಯಿತು.

ಅವರಿಗೆ ತೀವ್ರವಾದ ಉಬ್ಬಸವಿತ್ತು. ತಕ್ಕ ಚಿಕಿತ್ಸೆ ದೊರೆಯಲಿಲ್ಲ. ತಮ್ಮ ನೋವಿನ ನಡುವೆಯೂ ಅವರು ಸಹಬಂದಿನಿಯರ ಕಷ್ಟವನ್ನು ಕಂಡು ಮರುಗಿದರು. ಅವರನ್ನು ಹೊಡೆಯುವುದನ್ನು ಪ್ರತಿಭಟಿಸಿದರು. ಒಳ್ಳೆಯ ಆಹಾರಕ್ಕಾಗಿ ಉಪವಾಸ ಹೂಡಿದರು. ಕಂಡುದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು.

ದೇಹಸ್ಥಿತಿ ಹದಗೆಟ್ಟಾಗ, 1977ರ ಜನವರಿ 15ರಂದು ಅವರನ್ನು ಪೆರೋಲಿನ ಮೇಲೆ ಬಿಡಲಾಯಿತು. ಐದೇ ದಿನಗಳಲ್ಲಿ ಅವರು ಕೊನೆಯುಸಿರೆಳೆದರು. ಅದೇ ವರ್ಷ ಅವರ ದಿನಚರಿ ಪುಸ್ತಕವಾಗಿ ಪ್ರಕಟವಾಗಿ, ಗೋಡೆಯೊಳಗಿನ ಸತ್ಯ ನಾಡಿಗೆ ತಿಳಿಯಿತು.

ಸೆರೆಮನೆಗಳನ್ನು ಸಂದರ್ಶಿಸಿ ಬಂದಿಗಳ ಸ್ಥಿತಿಗತಿಗಳನ್ನು ಪರಿಶೀಲಿಸುವ ಅಧಿಕಾರವನ್ನು 1993ರ ಕಾಯಿದೆಯು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ನೀಡಿತು. ಸ್ನೇಹಲತಾ ಸೆರೆಯಲ್ಲಿದ್ದ ಕಾಲಕ್ಕೆ ಅಂತಹ ಆಯೋಗವಿರಲಿಲ್ಲ. ಬಂದಿನಿಯಾಗಿದ್ದ ಅವರೇ ಹೊರಜಗತ್ತಿನ ಕಣ್ಣಾದರು. ಬೆಂಗಳೂರಿನ ಆ ಹಳೆಯ ಸೆರೆಮನೆಯ ಆವರಣ ಈಗ ಸ್ವಾತಂತ್ರ್ಯ ಉದ್ಯಾನವನವಾಗಿದೆ. ಬಂದಿಯೂ ಮನುಷ್ಯನೆಂಬ ಅರಿವನ್ನು ಸ್ನೇಹಲತಾ ಅವರ ಬಾಳು ನಮ್ಮಲ್ಲಿ ಮೂಡಿಸುತ್ತದೆ.